ಮಾತಿಲ್ಲದ ದೃಶ್ಯಕ್ಕೊಂದು ಮಾತು

ಮನೆಮನೆಗೆ ಟಿ.ವಿ. ಬರುವ ಮುಂಚೆ ಮೈಸೂರು ದಸರೆಯ ಜಂಬೂ ಸವಾರಿಯನ್ನು ಕನ್ನಡ ನಾಡಿನ ಬಹುಪಾಲು ಜನ ಕಿವಿಯಿಂದಲೇ ನೋಡಿದರು. ಆಕಾಶವಾಣಿಯ ವೀಕ್ಷಕ ವಿವರಣೆಗಾರರು ಅಂಬಾರಿ ಹೊತ್ತ ಆನೆಯ ಹೆಜ್ಜೆ, ಅದರ ಮೈಮೇಲಿನ ಚಿತ್ತಾರ, ಹಿಂದೆ ಬರುವ ಕಲಾತಂಡ, ಬೀದಿಯ ಎರಡೂ ಬದಿ ಕಿಕ್ಕಿರಿದ ಜನ ಎಲ್ಲವನ್ನೂ ಒಂದೊಂದಾಗಿ ಹೇಳುತ್ತ ಹೋದಂತೆ, ದೂರದ ಊರಿನ ಜಗಲಿಯಲ್ಲಿ ಕುಳಿತವರ ಕಣ್ಣ ಮುಂದೆ ಮೆರವಣಿಗೆ ಸಾಗುತ್ತಿತ್ತು. ಕ್ರಿಕೆಟ್ಟಿನ ಕಥೆಯೂ ಅಷ್ಟೇ. ಮೆರವಣಿಗೆ ಎನ್ನುವುದು ನೋಡುವ ವಸ್ತು, ಕೇಳಿ ಏನು ಮಾಡುತ್ತೀರಿ ಎಂದು ಆಗ ಯಾರೂ ತಕರಾರು ತೆಗೆಯಲಿಲ್ಲ.

ಮೆರವಣಿಗೆಗೆ ಒಪ್ಪಿದ ಈ ಏರ್ಪಾಟನ್ನು ಸಿನಿಮಾಕ್ಕೆ ಒಪ್ಪಿಸುವುದರಲ್ಲಿ ಮಾತ್ರ ನಾವು ಬಹಳ ಹಿಂದೆ ಉಳಿದಿದ್ದೇವೆ. ಅದರ ನಷ್ಟವನ್ನು ನೇರವಾಗಿ ಅನುಭವಿಸುತ್ತಿರುವವರು ನಮ್ಮ ಕಾಲೇಜುಗಳಲ್ಲಿ ಓದುತ್ತಿರುವ ಅಂಧ ವಿದ್ಯಾರ್ಥಿಗಳು. ಈ ವಾರ ಅವರ ಬಗ್ಗೆ, ಅವರ ಪಕ್ಕದ ಬೆಂಚಿನಲ್ಲಿ ಕೂರುವ ಗೆಳೆಯರ ಬಗ್ಗೆ ನಾಲ್ಕು ಮಾತು.

ಸಿನಿಮಾ ಈಗ ಬರೀ ಮನರಂಜನೆಯಲ್ಲ. ಪತ್ರಿಕೋದ್ಯಮ ವಿಭಾಗದಲ್ಲಿ, ಕನ್ನಡ ಮತ್ತು ಇಂಗ್ಲಿಷ್ ಸಾಹಿತ್ಯದ ತರಗತಿಯಲ್ಲಿ, ಸಮಾಜಶಾಸ್ತ್ರದಲ್ಲಿ ಅಧ್ಯಾಪಕರು ಚಿತ್ರ ತೋರಿಸಿ ಪಾಠ ಮಾಡುವುದು ಮಾಮೂಲಾಗಿದೆ. ಪರದೆ ಇಳಿಬಿಟ್ಟು, ಕಿಟಕಿ ಮುಚ್ಚಿ, ಪ್ರೊಜೆಕ್ಟರ್ ಹಚ್ಚುತ್ತಾರೆ. ತರಗತಿಯಲ್ಲಿ ಒಬ್ಬ ಅಂಧ ವಿದ್ಯಾರ್ಥಿನಿ ಇದ್ದಾಳೆ ಎನ್ನಿ. ಕಾದಂಬರಿಯನ್ನು ಅವಳು ಬ್ರೈಲ್‌ನಲ್ಲೋ ಕಂಪ್ಯೂಟರ್ ಓದಿಸಿಯೋ ಮುಗಿಸಿರುತ್ತಾಳೆ. ಆದರೆ ಚಿತ್ರ ಶುರುವಾದ ಕ್ಷಣದಿಂದ ಅವಳು ಪಕ್ಕದವಳ ಪಿಸುಮಾತನ್ನು ನಂಬಿಕೊಳ್ಳಬೇಕು. ಪಕ್ಕದವಳಿಗೆ ಚಿತ್ರ ಹಿಡಿಸಿದರೆ ಪಿಸುಮಾತು ನಿಂತುಹೋಗುತ್ತದೆ. ಹಿಂದಿನವರು "ಶ್!" ಎಂದರೂ ನಿಂತುಹೋಗುತ್ತದೆ. "ಏನಾಯಿತೇ?" ಎಂದು ಕೇಳಿದರೆ "ಆಮೇಲೆ ಹೇಳ್ತೀನಿ ಇರು" ಎನ್ನುವ ಉತ್ತರ. ಆಮೇಲೆ ಬರುವುದು ಕಥೆಯ ಸಾರಾಂಶ. ಪರೀಕ್ಷೆಯಲ್ಲಿ ಕೇಳುವುದು ಕಥೆಯನ್ನಲ್ಲ. ಆ ದೃಶ್ಯವನ್ನು ನಿರ್ದೇಶಕ ಹೇಗೆ ಕಟ್ಟಿದ ಎನ್ನುವುದನ್ನು.

ಕಿವಿಗೆ ಬೀಳುವುದೆಷ್ಟು?

"ಮಾತು ಕೇಳಿಸುತ್ತದಲ್ಲ, ಹಾಡು ಕೇಳಿಸುತ್ತದಲ್ಲ, ಸಾಲದೇ?" ಎನ್ನುವವರುಂಟು. ಎರಡು ಚಿತ್ರಗಳನ್ನು ನೆನಪಿಸಿಕೊಂಡರೆ ಉತ್ತರ ಸಿಗುತ್ತದೆ.

ಮೊದಲನೆಯದು ಗಿರೀಶ ಕಾಸರವಳ್ಳಿಯವರ 'ಘಟಶ್ರಾದ್ಧ' (1977). ಯು.ಆರ್. ಅನಂತಮೂರ್ತಿಯವರ ಕಥೆಯನ್ನು ಆಧರಿಸಿದ, ಸ್ವರ್ಣಕಮಲ ಪಡೆದ ಚಿತ್ರ. ವೇದಪಾಠಕ್ಕೆ ಬಂದ ಹುಡುಗ ನಾಣಿ, ಗುರುಗಳ ವಿಧವೆ ಮಗಳು ಯಮುನಾ. ಬಸುರಾದ ಮಗಳನ್ನು ತಂದೆಯೇ ಬದುಕಿರುವಾಗಲೇ ಶ್ರಾದ್ಧ ಮಾಡಿ ಜಾತಿಯಿಂದ ಹೊರಗಿಡುತ್ತಾನೆ. ಕೊನೆಯಲ್ಲಿ ಊರು ಬಿಟ್ಟು ಹೊರಟ ನಾಣಿಗೆ ಮರದ ಕೆಳಗೆ ತಲೆ ಬೋಳಿಸಿಕೊಂಡು ಕುಳಿತ ಯಮುನಾ ಕಾಣುತ್ತಾಳೆ. ಇಡೀ ಚಿತ್ರದ ಭಾರ ಆ ಒಂದು ನೋಟದಲ್ಲಿದೆ. ಅವಳ ತಲೆಯಲ್ಲಿ ಕೂದಲಿಲ್ಲ ಎನ್ನುವುದನ್ನು ನಮಗೆ ತಿಳಿಸುವುದು ಕಣ್ಣು. ಅದನ್ನು ಯಾರೂ ಹೇಳದಿದ್ದರೆ, ಚಿತ್ರವನ್ನು ಮೊದಲಿನಿಂದ ಕೇಳಿಸಿಕೊಂಡು ಬಂದ ವಿದ್ಯಾರ್ಥಿಗೆ ಕೊನೆಯೇ ಇಲ್ಲದ ಚಿತ್ರ ಉಳಿಯುತ್ತದೆ.

ಎರಡನೆಯದು ನಮ್ಮ ಬೆಂಗಳೂರಿನಲ್ಲೇ ತೆಗೆದ, ಸಿಂಗೀತಂ ಶ್ರೀನಿವಾಸರಾವ್ ನಿರ್ದೇಶನದ 'ಪುಷ್ಪಕ ವಿಮಾನ' (1987). ಇದರಲ್ಲಿ ಮಾತೇ ಇಲ್ಲ. ಗಲಾಟೆಯ ವಠಾರದಲ್ಲಿದ್ದು ಅಭ್ಯಾಸವಾದ ನಿರುದ್ಯೋಗಿ ತರುಣನಿಗೆ ಐಷಾರಾಮಿ ಹೋಟೆಲಿನ ನಿಶ್ಶಬ್ದದಲ್ಲಿ ನಿದ್ದೆ ಹತ್ತುವುದಿಲ್ಲ. ತನ್ನ ಹಳೆಯ ವಾಸಸ್ಥಳದ ಗದ್ದಲವನ್ನು ಟೇಪ್ ರೆಕಾರ್ಡರಿನಲ್ಲಿ ತುಂಬಿ ತಂದು, ಅದನ್ನು ಹಾಕಿಕೊಂಡು ಹಾಯಾಗಿ ಮಲಗುತ್ತಾನೆ! ಶಬ್ದದಿಂದಲೇ ಹುಟ್ಟಿದ ಹಾಸ್ಯ ಇದು. ಆದರೂ ಕಣ್ಣು ಕಾಣದವನಿಗೆ ಕೇಳುವುದು ಗದ್ದಲ ಮಾತ್ರ. ತರುಣ ಈಗ ಮಲಗಿರುವುದು ಮೆತ್ತನೆಯ ಹಾಸಿಗೆಯ ಮೇಲೆ, ಆ ಗದ್ದಲ ಬರುತ್ತಿರುವುದು ಟೇಪಿನಿಂದ ಎಂದು ಯಾರಾದರೂ ಒಂದೇ ಒಂದು ಮಾತು ಹೇಳಿದರೆ ತರಗತಿಯೆಲ್ಲ ನಗುವಾಗ ಅವನೂ ನಗುತ್ತಾನೆ. ಇಲ್ಲದಿದ್ದರೆ ಎಲ್ಲರೂ ನಕ್ಕಾಗ ಸುಮ್ಮನೆ ಕೂತಿರಬೇಕು, ಇಲ್ಲವೇ ಸುಳ್ಳೇ ನಗಬೇಕು. ಹದಿನೆಂಟು ವಯಸ್ಸಿನವರಿಗೆ ಇದು ಸಣ್ಣ ಸಂಕಟವಲ್ಲ.

ಆ ಒಂದು ಮಾತಿಗೆ ಧ್ವನಿ ವಿವರಣೆ ಎಂದು ಹೆಸರು. ಸಂಭಾಷಣೆಗಳ ನಡುವೆ ಸಿಗುವ ಬಿಡುವಿನಲ್ಲಿ, ಪರದೆಯ ಮೇಲೆ ನಡೆಯುತ್ತಿರುವುದನ್ನು ಚುಟುಕಾಗಿ ಹೇಳುವ ಇನ್ನೊಂದು ಧ್ವನಿ. ನೋಡುವವರಿಗೆ ಅದು ಕೇಳಿಸಬೇಕಾಗಿಲ್ಲ. ಬೇಕಾದವರ ಕಿವಿಗೆ ಮಾತ್ರ ಇಯರ್‌ಫೋನಿನಲ್ಲಿ ಬಂದರೆ ಸಾಕು.

ವಿದ್ಯಾರ್ಥಿಗಳಿಂದ ಶುರುವಾದದ್ದು

ಈ ವಿದ್ಯೆಯ ಬೇರು ಇರುವುದೂ ಕಾಲೇಜಿನಲ್ಲೇ. ಅಮೆರಿಕದ ಸ್ಯಾನ್‌ಫ್ರಾನ್ಸಿಸ್ಕೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ 1970ರ ದಶಕದಲ್ಲಿ ಗ್ರೆಗರಿ ಫ್ರೇಜಿಯರ್ ಎಂಬ ವಿದ್ಯಾರ್ಥಿ ತನ್ನ ಸ್ನಾತಕೋತ್ತರ ಪ್ರಬಂಧಕ್ಕೆ ಇದನ್ನೇ ವಿಷಯವಾಗಿ ಆರಿಸಿಕೊಂಡ. ಟಿ.ವಿ.ಗಾಗಿ ತೆಗೆದ ಒಂದು ಚಿತ್ರವನ್ನು ಅಂಧರು ಕೇಳಿ ಅರ್ಥ ಮಾಡಿಕೊಳ್ಳುವಂತೆ ಹೊಂದಿಸಿದ. 1981ರಲ್ಲಿ ವಾಷಿಂಗ್ಟನ್ನಿನ ಅರೀನಾ ಸ್ಟೇಜ್ ರಂಗಮಂದಿರದಲ್ಲಿ ಬರ್ನಾರ್ಡ್ ಷಾನ 'ಮೇಜರ್ ಬಾರ್ಬರಾ' ನಾಟಕಕ್ಕೆ ಇಂಥ ವಿವರಣೆ ಕೊಟ್ಟವರು ಮಾರ್ಗರೆಟ್ ಮತ್ತು ಕೋಡಿ ಫಾನ್‌ಸ್ಟೀಲ್ ದಂಪತಿ. ಮಾರ್ಗರೆಟ್ ಅವರಿಗೇ ದೃಷ್ಟಿ ಇರಲಿಲ್ಲ. 1990ರಲ್ಲಿ ಬೋಸ್ಟನ್ನಿನ ಡಬ್ಲ್ಯು.ಜಿ.ಬಿ.ಎಚ್. ಟಿ.ವಿ. ಕೇಂದ್ರ ಇದನ್ನು ನಿಯತ ಸೇವೆಯಾಗಿಸಿತು.

ಹಾಗೆಂದು ಅಲ್ಲೆಲ್ಲ ಸುಸೂತ್ರವಾಗಿ ನಡೆಯಿತೆಂದು ತಿಳಿಯಬೇಡಿ. 2015ರ ಏಪ್ರಿಲ್‌ನಲ್ಲಿ ನೆಟ್‌ಫ್ಲಿಕ್ಸ್ 'ಡೇರ್‌ಡೆವಿಲ್' ಎಂಬ ಧಾರಾವಾಹಿಯನ್ನು ಬಿಡುಗಡೆ ಮಾಡಿತು. ಅದರ ನಾಯಕ ಅಂಧ ವಕೀಲ. ಆದರೆ ಅಂಧರು ಅದನ್ನು ಅನುಸರಿಸಲು ಬೇಕಾದ ವಿವರಣೆಯೇ ಇರಲಿಲ್ಲ. ಅಂಧ ಪ್ರೇಕ್ಷಕರು ದನಿ ಎತ್ತಿದ ಮೇಲೆ ಅದೇ ತಿಂಗಳು ಸೇರಿಸಿದರು. ನಕ್ಕು ಸುಮ್ಮನಾಗುವ ಮುಂಚೆ ನಮ್ಮ ಮನೆಯನ್ನೂ ನೋಡಿಕೊಳ್ಳೋಣ. ಗದುಗಿನ ಅಂಧ ಸಂಗೀತಗಾರರ ಬದುಕನ್ನು ತೆರೆಗೆ ತಂದ 'ಗಾನಯೋಗಿ ಪಂಚಾಕ್ಷರಿ ಗವಾಯಿ' 1995ರಲ್ಲಿ ಬಂತು. ಹಾಡುಗಳು ಎಲ್ಲರಿಗೂ ತಲುಪಿದವು. ದೃಶ್ಯಗಳು ತಲುಪದೇ ಹೋದದ್ದು ಆ ಕಥೆ ಯಾರದೋ ಅವರಂಥವರಿಗೇ.

ಕಾನೂನು ಏನೆನ್ನುತ್ತದೆ?

ಭಾರತದಲ್ಲೂ ಗಾಳಿ ಬದಲಾಗಿದೆ. ಅಂಗವಿಕಲರ ಹಕ್ಕುಗಳ 2016ರ ಕಾಯಿದೆಯ 42ನೇ ಕಲಮು, ವಿದ್ಯುನ್ಮಾನ ಮಾಧ್ಯಮಗಳು ಅಂಗವಿಕಲರಿಗೆ ಎಟಕುವಂತೆ ಧ್ವನಿ ವಿವರಣೆ, ಸಂಜ್ಞಾ ಭಾಷೆ ಮತ್ತು ಅಡಿಬರಹಗಳ ವ್ಯವಸ್ಥೆಗೆ ಸರ್ಕಾರ ಕ್ರಮ ಕೈಗೊಳ್ಳಬೇಕೆಂದು ಹೇಳುತ್ತದೆ. 2018ರಲ್ಲಿ 'ಸಂಜು' ಹಿಂದಿ ಚಿತ್ರಕ್ಕೆ ಮೊಬೈಲ್ ಆ್ಯಪ್ ಮೂಲಕ ವಿವರಣೆ ಸಿಕ್ಕಿತು. ಚಿತ್ರಮಂದಿರದ ಶಬ್ದವನ್ನು ಫೋನೇ ಕೇಳಿಸಿಕೊಂಡು, ಚಿತ್ರ ಎಲ್ಲಿದೆಯೋ ಅಲ್ಲಿಗೆ ವಿವರಣೆಯನ್ನು ಹೊಂದಿಸಿಕೊಳ್ಳುವ ತಂತ್ರ ಅದು. 2023ರ ಜನವರಿಯಲ್ಲಿ 'ಪಠಾಣ್' ಬಿಡುಗಡೆಗೆ ಮುನ್ನ ದೆಹಲಿ ಹೈಕೋರ್ಟಿನ ಮೆಟ್ಟಿಲೇರಿದವರಲ್ಲಿ ದೃಷ್ಟಿದೋಷವುಳ್ಳ ಒಬ್ಬ ಕಾನೂನು ವಿದ್ಯಾರ್ಥಿಯೂ ಇದ್ದ. ಒ.ಟಿ.ಟಿ.ಯಲ್ಲಿ ಬರುವ ಹೊತ್ತಿಗೆ ಧ್ವನಿ ವಿವರಣೆ, ಅಡಿಬರಹ ಸಿದ್ಧಪಡಿಸಬೇಕೆಂದು ನ್ಯಾಯಾಲಯ ನಿರ್ಮಾಪಕರಿಗೆ ಸೂಚಿಸಿತು.

ಮುಂದಿನ ವರ್ಷ, 2024ರ ಮಾರ್ಚ್ 15ರಂದು, ಕೇಂದ್ರ ವಾರ್ತಾ ಮತ್ತು ಪ್ರಸಾರ ಸಚಿವಾಲಯ ಚಿತ್ರಮಂದಿರಗಳಿಗೆ ಮಾರ್ಗಸೂಚಿ ಹೊರಡಿಸಿತು. ಒಂದಕ್ಕಿಂತ ಹೆಚ್ಚು ಭಾಷೆಯಲ್ಲಿ ಪ್ರಮಾಣಪತ್ರ ಪಡೆಯುವ ಚಿತ್ರಗಳಿಗೆ ಆರು ತಿಂಗಳು, ಉಳಿದವಕ್ಕೆ ಎರಡು ವರ್ಷದ ಗಡುವು ಕೊಟ್ಟಿತು. ಅಷ್ಟರೊಳಗೆ ದೃಷ್ಟಿ ಮತ್ತು ಶ್ರವಣ ದೋಷವುಳ್ಳವರಿಗೆ ತಲಾ ಒಂದಾದರೂ ಸೌಲಭ್ಯ ಇರಬೇಕು ಎನ್ನುವುದು ಅದರ ಸಾರ.

ಸಂತೋಷದ ವಿಷಯವೇ. ಆದರೆ ಕಾಲೇಜಿನ ಮಟ್ಟಿಗೆ ಒಂದು ತೊಡಕಿದೆ. ಈ ಮಾರ್ಗಸೂಚಿ ಇರುವುದು ಹೊಸದಾಗಿ ತೆರೆ ಕಾಣುವ ಚಿತ್ರಗಳಿಗೆ. ತರಗತಿಯಲ್ಲಿ ತೋರಿಸುವುದು 1970ರ 'ಸಂಸ್ಕಾರ', 1977ರ 'ಘಟಶ್ರಾದ್ಧ', ಇಟಲಿಯ 1948ರ 'ಬೈಸಿಕಲ್ ಥೀವ್ಸ್'. ಇವಕ್ಕೆ ವಿವರಣೆ ಬರೆದುಕೊಡಿ ಎಂದು ಯಾವ ನಿರ್ಮಾಪಕರನ್ನು ಕೇಳುವುದು? ಅದನ್ನು ನಾವೇ ಮಾಡಿಕೊಳ್ಳಬೇಕು. ಮಾಡಿಕೊಳ್ಳಲು ಅಡ್ಡಿಯೂ ಇಲ್ಲ. ಕೃತಿಸ್ವಾಮ್ಯ ಕಾಯಿದೆಗೆ 2012ರಲ್ಲಿ ಆದ ತಿದ್ದುಪಡಿಯ ಪ್ರಕಾರ, ಅಂಗವಿಕಲರ ಶಿಕ್ಷಣ, ಸಂಶೋಧನೆ ಅಥವಾ ಸ್ವಂತ ಉಪಯೋಗಕ್ಕಾಗಿ ಯಾವುದೇ ಕೃತಿಯನ್ನು ಅವರಿಗೆ ಎಟಕುವ ರೂಪಕ್ಕೆ ಇಳಿಸುವುದು ಕೃತಿಸ್ವಾಮ್ಯದ ಉಲ್ಲಂಘನೆಯಲ್ಲ. ಲಾಭದ ವ್ಯಾಪಾರ ಮಾಡಕೂಡದು, ಅಷ್ಟೇ.

ಮಾಡುವುದು ಹೇಗೆ?

ಇಲ್ಲಿಂದ ಮುಂದಿನದು ಮುಖ್ಯವಾಗಿ ವಿದ್ಯಾರ್ಥಿಗಳಿಗೆ. ಸ್ಟುಡಿಯೊ ಬೇಡ, ಹಣ ಬೇಡ. ಒಂದು ಫೋನು, ಒಂದು ನೋಟ್‌ಬುಕ್ಕು, ಮೂರು ನಾಲ್ಕು ಮಂದಿಯ ತಾಳ್ಮೆ ಸಾಕು. ಇಡೀ ಚಿತ್ರಕ್ಕೆ ಕೈ ಹಾಕಿದರೆ ಹಲವು ದಿನಗಳ ಕೆಲಸ. ಮೊದಲ ಸಲ ಪಾಠಕ್ಕೆ ಬೇಕಾದ ನಾಲ್ಕಾರು ದೃಶ್ಯಗಳನ್ನಷ್ಟೇ ಆರಿಸಿಕೊಳ್ಳಿ.

ಮೊದಲು ದೃಶ್ಯವನ್ನು ಕಣ್ಣು ಮುಚ್ಚಿಕೊಂಡು ಕೇಳಿ. ಎಲ್ಲೆಲ್ಲಿ ದಾರಿ ತಪ್ಪುತ್ತದೋ ಅಲ್ಲಿ ಗುರುತು ಹಾಕಿ. ಆಮೇಲೆ ಕಣ್ಣು ತೆರೆದು ನೋಡಿ, ಮಾತಿಲ್ಲದ ಬಿಡುವುಗಳು ಎಷ್ಟು ಹೊತ್ತಿಗೆ ಶುರುವಾಗಿ ಎಷ್ಟು ಹೊತ್ತಿಗೆ ಮುಗಿಯುತ್ತವೆ ಎಂದು ನಿಮಿಷ, ಸೆಕೆಂಡುಗಳಲ್ಲಿ ಬರೆದುಕೊಳ್ಳಿ. ಆ ಬಿಡುವಿನಲ್ಲಿ ಹಿಡಿಯುವಷ್ಟೇ ಮಾತು ಬರೆಯಿರಿ. ಸಂಭಾಷಣೆಯ ಮೇಲೆ ಮಾತಾಡಬೇಡಿ. ಬಾಗಿಲು ಕಿರುಗುಟ್ಟುವುದು ಕೇಳಿಸುತ್ತಿದ್ದರೆ ಅದನ್ನು ಮತ್ತೆ ಹೇಳಬೇಡಿ. ಒಳಗೆ ಬಂದವರು ಯಾರೆಂದು ಹೇಳಿ. ಮೌನವೆಲ್ಲ ತುಂಬಲಿಕ್ಕಾಗಿ ಇದೆಯೆಂದೂ ಭಾವಿಸಬೇಡಿ. ನಿರ್ದೇಶಕ ಬೇಕೆಂದೇ ಇಟ್ಟ ಮೌನ ಕೇಳುವವನಿಗೂ ಸಿಗಬೇಕು.

ಕಂಡದ್ದನ್ನು ಹೇಳಬೇಕು, ಅನ್ನಿಸಿದ್ದನ್ನಲ್ಲ ಎನ್ನುವುದು ದೊಡ್ಡ ನಿಯಮ. 'ಘಟಶ್ರಾದ್ಧ'ದ ಕೊನೆಗೆ "ಪಾಪ, ಯಮುನಾ ದಿಕ್ಕಿಲ್ಲದೆ ದುಃಖದಲ್ಲಿ ಮುಳುಗಿದ್ದಾಳೆ" ಎಂದು ಬರೆದರೆ ನೀವು ಅಳುತ್ತಿದ್ದೀರಿ, ಕೇಳುವವನಿಗೆ ಅಳಲು ಬಿಟ್ಟಿಲ್ಲ. "ಮರದ ಕೆಳಗೆ ಯಮುನಾ. ತಲೆ ಬೋಳಿಸಿದೆ. ನಾಣಿ ನೋಡುತ್ತಾನೆ" ಎಂದಿಷ್ಟು ಸಾಕು. ಉಳಿದದ್ದು ಕೇಳುವವನ ಪಾಲು. ಮುಜುಗರವೆಂದು ಏನನ್ನೂ ಬಿಟ್ಟುಬಿಡಬೇಡಿ. ಎಲ್ಲರೂ ನೋಡಿದ್ದನ್ನು ತಿಳಿಯುವ ಹಕ್ಕು ಅವನಿಗೂ ಇದೆ.

ಈ ಕೆಲಸಕ್ಕೆ ಕನ್ನಡ ಬಹಳ ಅನುಕೂಲದ ಭಾಷೆ. ನಮ್ಮ ಕ್ರಿಯಾಪದ ಕೆಲಸ ಮಾಡಿದವರನ್ನು ಬೆನ್ನಿಗೆ ಕಟ್ಟಿಕೊಂಡೇ ಬರುತ್ತದೆ. 'ಎದ್ದಳು' ಎಂದರೆ ಒಂದೇ ಪದದಲ್ಲಿ ಎದ್ದದ್ದು ಹೆಣ್ಣು, ಒಬ್ಬಳೇ ಎಂದು ತಿಳಿಯುತ್ತದೆ. ಎರಡು ಸೆಕೆಂಡಿನ ಬಿಡುವಿನಲ್ಲಿ ಇದು ದೊಡ್ಡ ಉಳಿತಾಯ. ಆದರೆ 'ಎದ್ದರು' ಎಂದಾಗ ಹಿರಿಯರೊಬ್ಬರೋ ಹತ್ತು ಜನವೋ ಎನ್ನುವ ಗೊಂದಲವಾಗುತ್ತದೆ; ಅಲ್ಲಿ ಹೆಸರು ಹೇಳಿಯೇ ತೀರಬೇಕು. ಬಹುವಚನ ಯಾರಿಗೆ, ಏಕವಚನ ಯಾರಿಗೆ ಎನ್ನುವುದನ್ನೂ ಮೊದಲೇ ನಿರ್ಧರಿಸಿ. ಜಮೀನ್ದಾರನಿಗೆ 'ಬರುತ್ತಾರೆ', ಆಳಿಗೆ 'ಬರುತ್ತಾನೆ' ಎಂದರೆ ನೀವಾಗಲೇ ತೀರ್ಪು ಕೊಟ್ಟಂತಾಯಿತು. ಮಾತು ಚಿತ್ರದ ಊರಿಗೂ ಒಪ್ಪಬೇಕು. ಮಲೆನಾಡಿನ ಮನೆಯಲ್ಲಿ ಜಗಲಿ, ಧಾರವಾಡದ ಕಡೆಯ ಮನೆಯಲ್ಲಿ ಪಡಸಾಲೆ.

ಬರೆದದ್ದನ್ನು ಗಡಿಯಾರ ಹಿಡಿದು ಗಟ್ಟಿಯಾಗಿ ಓದಿ. ಧ್ವನಿಮುದ್ರಣಕ್ಕೆ ಮುಂಚೆ ಅಂಧ ಗೆಳೆಯರಿಗೆ ಓದಿ ಹೇಳಿ. ಇದನ್ನು ಮಾತ್ರ ತಪ್ಪಿಸಬೇಡಿ. ಎಲ್ಲಿ ಮಾತು ಹೆಚ್ಚಾಯಿತು, ಎಲ್ಲಿ ಸಾಲದು ಎಂದು ಹೇಳಬಲ್ಲವರು ಅವರೇ. ಸೀರೆಯ ಬಣ್ಣ ಹೇಳಲೋ ಬೇಡವೋ ಎಂದು ನೀವು ಚರ್ಚಿಸುತ್ತ ಕೂರುವ ಬದಲು ಅವರನ್ನೇ ಕೇಳಿ. ದೃಷ್ಟಿದೋಷವುಳ್ಳವರಲ್ಲಿ ಬಹಳ ಮಂದಿಗೆ ಪೂರ್ತಿ ಕತ್ತಲೆಯಿಲ್ಲ. ಕೆಲವರಿಗೆ ಬಣ್ಣ ತಿಳಿಯುತ್ತದೆ, ಕೆಲವರು ಬಣ್ಣ ನೋಡಿ ಮರೆತಿಲ್ಲ. ಅಲ್ಪದೃಷ್ಟಿಯವರಿಗೆ ಪರದೆಯ ಹತ್ತಿರದ ಕುರ್ಚಿಯೇ ಅರ್ಧ ಪರಿಹಾರ.

ಆಮೇಲೆ ದೃಶ್ಯಕ್ಕೊಂದರಂತೆ ಬೇರೆ ಬೇರೆಯಾಗಿ ಫೋನಿನಲ್ಲಿ ಧ್ವನಿಮುದ್ರಿಸಿ. ಇಡೀ ಚಿತ್ರಕ್ಕೆ ಒಂದೇ ಮುದ್ರಣ ಮಾಡಿಕೊಂಡರೆ, ಮೇಷ್ಟರು ನಡುವೆ ಚಿತ್ರ ನಿಲ್ಲಿಸಿ ಪಾಠ ಹೇಳಿದ ಕೂಡಲೇ ಹೊಂದಾಣಿಕೆ ತಪ್ಪುತ್ತದೆ. ದೃಶ್ಯದ ಆರಂಭದ ಒಂದು ಗುರುತಿನ ಶಬ್ದಕ್ಕೆ ಸರಿಯಾಗಿ ವಿವರಣೆ ಹಚ್ಚಿಕೊಂಡರೆ ಆಯಿತು. ಒಂದು ಕಿವಿಗೆ ಇಯರ್‌ಫೋನು, ಇನ್ನೊಂದು ಕಿವಿ ಚಿತ್ರಕ್ಕೆ. ಬರೆಯಲು ಸಮಯವೇ ಇಲ್ಲದಿದ್ದರೆ, ಚಿತ್ರವನ್ನು ಮೊದಲೇ ನೋಡಿದ ಒಬ್ಬರು ಕೋಣೆಯ ಹಿಂಬದಿಯಲ್ಲಿ ಕುಳಿತು ಫೋನ್ ಕರೆ ಮಾಡಿ ಮೆಲ್ಲನೆ ಹೇಳುತ್ತ ಹೋಗಬಹುದು. ಚಿತ್ರ ಶುರುವಾಗುವ ಮುಂಚೆ ಹತ್ತು ನಿಮಿಷ ಪಾತ್ರಗಳ ಚಹರೆ, ಮನೆಯ ವಿನ್ಯಾಸ, ಊರಿನ ಸ್ವರೂಪ ಹೇಳಿಬಿಟ್ಟರೆ ಆಮೇಲಿನ ಬಿಡುವುಗಳಲ್ಲಿ ಉಸಿರಾಡಲು ಜಾಗ ಸಿಗುತ್ತದೆ.

'ಬೈಸಿಕಲ್ ಥೀವ್ಸ್'ನಂಥ ಪರಭಾಷೆಯ ಚಿತ್ರಕ್ಕೆ ಕೆಲಸ ಇಮ್ಮಡಿ. ನಾವು ಇಂಗ್ಲಿಷ್ ಅಡಿಬರಹ ಓದಿ ಅರ್ಥ ಮಾಡಿಕೊಳ್ಳುತ್ತೇವೆ. ಅಂಧ ವಿದ್ಯಾರ್ಥಿಗೆ ಇಟಾಲಿಯನ್ ಮಾತು ಮಾತ್ರ ಉಳಿಯುತ್ತದೆ. ಅಡಿಬರಹವನ್ನೂ ಓದಿ ಹೇಳಬೇಕು, ಕೊನೆಯಲ್ಲಿ ಅವಮಾನಗೊಂಡ ಅಪ್ಪನ ಕೈಯನ್ನು ಪುಟ್ಟ ಮಗ ಹಿಡಿದುಕೊಳ್ಳುವುದನ್ನೂ ಹೇಳಬೇಕು. ಒಂದೇ ಧ್ವನಿಯಾದರೆ ಯಾವುದು ಮಾತು, ಯಾವುದು ವಿವರಣೆ ಎಂದು ತಿಳಿಯದು. ಇಬ್ಬರು ಹಂಚಿಕೊಳ್ಳಿ.

ಅಧ್ಯಾಪಕರಲ್ಲಿ ಒಂದು ವಿನಂತಿ. ಆ ಅವಧಿಯಲ್ಲಿ ತೋರಿಸುವ ಚಿತ್ರಗಳ ಪಟ್ಟಿಯನ್ನು ಶುರುವಿನಲ್ಲೇ ಕೊಡಿ. ವಿವರಣೆ ಬರೆದ ವಿದ್ಯಾರ್ಥಿಗಳಿಗೆ ಅದನ್ನೇ ಅಸೈನ್‌ಮೆಂಟ್ ಎಂದು ಪರಿಗಣಿಸಿ ಅಂಕ ಕೊಡಿ. ಹಾಗೆ ಕೊಟ್ಟರೆ ಅದು ದಾನವಲ್ಲ. ಮೂರು ಸೆಕೆಂಡಿನಲ್ಲಿ ಏನು ಹೇಳಬೇಕು, ಏನು ಬಿಡಬೇಕು ಎಂದು ಹತ್ತು ಸಲ ಅದೇ ದೃಶ್ಯ ನೋಡಿದ ಹುಡುಗನಷ್ಟು ಚಿತ್ರವನ್ನು ನೋಡಿದವರು ತರಗತಿಯಲ್ಲಿ ಇನ್ನೊಬ್ಬರಿರುವುದಿಲ್ಲ. ಪತ್ರಿಕೆಗೆ, ಚಿತ್ರಕಥೆಗೆ ಕೈ ಹಾಕುವವರಿಗೆ ಇದು ಒಳ್ಳೆಯ ಪಳಗುವಿಕೆ.

ತಂದೆತಾಯಿಯರಿಗೆ

ದೃಷ್ಟಿಯಿಲ್ಲದ ಮಕ್ಕಳ ತಂದೆತಾಯಿಯರಲ್ಲಿ ಕೆಲವರು ಕಾಲೇಜಿನ ಮುಂದೆ ಸಂಕೋಚಪಡುತ್ತಾರೆ. ಸೀಟು ಸಿಕ್ಕಿದ್ದೇ ಹೆಚ್ಚು, ಸಿನಿಮಾ ಗಿನಿಮಾ ಎಂದು ಕೇಳಿದರೆ ಏನೆಂದುಕೊಂಡಾರು ಎನ್ನುವ ಅಳುಕು. ಉನ್ನತ ಶಿಕ್ಷಣದಲ್ಲಿ ಅಂಗವಿಕಲರಿಗೆ 5 ಶೇಕಡಾ ಸೀಟು ಮೀಸಲಿಟ್ಟಿರುವುದು ಅದೇ 2016ರ ಕಾಯಿದೆ. ತರಗತಿಯ ಒಳಗೆ ಬಿಟ್ಟು ಪಾಠದ ಹೊರಗೆ ಕೂರಿಸುವುದು ಅದರ ಉದ್ದೇಶವಲ್ಲ. 2011ರ ಜನಗಣತಿಯಂತೆ ಕರ್ನಾಟಕದಲ್ಲಿ ದೃಷ್ಟಿದೋಷವುಳ್ಳವರು ಸುಮಾರು 2.64 ಲಕ್ಷ. ನಿಮ್ಮ ಮಗು ಒಂಟಿಯಲ್ಲ. ನೀವು ಕೇಳಿದ್ದು ನಾಳೆ ಬರುವ ಇನ್ನೊಂದು ಮಗುವಿಗೂ ಉಪಯೋಗವಾಗುತ್ತದೆ. ಮೊದಲು ವಿಭಾಗದ ಮುಖ್ಯಸ್ಥರನ್ನು ಕಾಣಿ. ಮಾತಿನಲ್ಲಿ ಕೆಲಸವಾಗದಿದ್ದರೆ ಪ್ರಿನ್ಸಿಪಾಲರಿಗೆ ಒಂದು ಅರ್ಜಿ ಬರೆದುಕೊಡಿ, ಅದರ ಪ್ರತಿ ಇಟ್ಟುಕೊಳ್ಳಿ. ಬರೆಯುವವರು ಮಗನೋ ಮಗಳೋ ಆದರೆ ಇನ್ನೂ ಮೇಲು.

ಮನೆಯಲ್ಲೂ ಇದಕ್ಕೆ ಶುರು ಹಚ್ಚಬಹುದು. ಭಾನುವಾರ ಎಲ್ಲರೂ ಕೂತು ಸಿನಿಮಾ ನೋಡುವಾಗ ಒಬ್ಬರು ವಿವರಣೆಯ ಹೊಣೆ ಹೊರಲಿ, ಮುಂದಿನ ವಾರ ಇನ್ನೊಬ್ಬರು. ಅಜ್ಜಿ ಹೇಳಿದರೆ ಒಂದು ರುಚಿ, ತಮ್ಮ ಹೇಳಿದರೆ ಇನ್ನೊಂದು. ಒ.ಟಿ.ಟಿ. ಚಿತ್ರವಾದರೆ ಶಬ್ದದ ಭಾಷೆ ಆರಿಸುವ ಕಡೆ ಧ್ವನಿ ವಿವರಣೆ ಇದೆಯೇ ಎಂದು ಒಮ್ಮೆ ನೋಡಿ, ಕೆಲವಕ್ಕೆ ಇರುತ್ತದೆ. ಮುಖ್ಯವಾಗಿ, "ಏನಾಯಿತು?" ಎಂದು ಮಗು ಕೇಳಿದಾಗ "ಏನಿಲ್ಲ ಬಿಡು" ಎನ್ನಬೇಡಿ. ಏನೋ ಆಗಿದೆ ಎಂದು ಅದಕ್ಕೆ ನಿಮ್ಮ ನಗುವಿನಿಂದಲೇ ಗೊತ್ತಾಗಿರುತ್ತದೆ.

ನಿಮ್ಮ ಕಾಲೇಜಿನಲ್ಲಿ ಈ ಅವಧಿಗೆ ಯಾವ ಚಿತ್ರ ಇಟ್ಟಿದ್ದಾರೆ ಎಂದು ಸೋಮವಾರವೇ ಕೇಳಿ ತಿಳಿದುಕೊಳ್ಳಿ. ಅದರಲ್ಲಿ ಒಂದೇ ಒಂದು ದೃಶ್ಯ ಆರಿಸಿ, ಇಬ್ಬರು ಗೆಳೆಯರನ್ನು ಜೊತೆಗಿಟ್ಟುಕೊಂಡು ಐದು ನಿಮಿಷದ ವಿವರಣೆ ಬರೆದು ನೋಡಿ. ಆಮೇಲೆ ಅದನ್ನು ಯಾರಿಗಾಗಿ ಬರೆದಿರೋ ಅವರಿಗೆ ಕೇಳಿಸಿ, ಅವರು ಹೊಡೆದುಹಾಕು ಎಂದದ್ದನ್ನು ಹೊಡೆದುಹಾಕಿ.